ವೇಟ್ ಎತ್ತಲು ಹೆದರುವ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ಹೇಗೆ

ಬೆಂಗಳೂರಿನ ಯಾವ ಏರಿಯಾದ ಜಿಮ್‌ಗೆ ಹೋದರೂ ಸಂಜೆ ಹೊತ್ತು ಹೆಚ್ಚುಕಡಿಮೆ ಇದೇ ಕಾಣುತ್ತದೆ. ಟ್ರೆಡ್‌ಮಿಲ್, ಸೈಕಲ್ ಕಡೆ ಹೆಂಗಸರು. ಕನ್ನಡಿ ಗೋಡೆಯ ಮುಂದೆ ಡಂಬೆಲ್ ಜೋಡಿಸಿಟ್ಟ ಕಡೆ ಗಂಡಸರು. ನಡುವೆ ಗೆರೆ ಯಾರೂ ಎಳೆದಿಲ್ಲ, ಆದರೂ ದಾಟುವವರು ಕಡಿಮೆ. ನಿಮ್ಮ ಗೆಳತಿಯೂ ಆ ಕಡೆ ಒಂದು ಸಲ ನೋಡಿ, "ನಂಗೆ ಇಷ್ಟೇ ಸಾಕು ಕಣೇ" ಅಂತ ಮತ್ತೆ ಟ್ರೆಡ್‌ಮಿಲ್ ಹತ್ತಿರಬಹುದು. ಜಿಮ್‌ನ ಮೆಟ್ಟಿಲನ್ನೇ ತುಳಿಯದೆಯೂ ಇರಬಹುದು.

ಈ ಬರಹ ಅವಳನ್ನು ಕರೆದುಕೊಂಡು ಹೋಗಬೇಕು ಅಂತಿರುವ ನಿಮಗಾಗಿ. ನಾನು ಕೆಲವು ವರ್ಷಗಳಿಂದ ವೇಟ್ ಎತ್ತುತ್ತಿದ್ದೇನೆ. ನನ್ನ ಜೊತೆ ಬಂದು ಶುರು ಮಾಡಿದವರಲ್ಲಿ ಗೆಳತಿಯರಿದ್ದಾರೆ, ನಮ್ಮ ಚಿಕ್ಕಮ್ಮನೂ ಇದ್ದಾರೆ. ಅವರನ್ನೆಲ್ಲ ನೋಡಿದ ಮೇಲೆ ನನಗೆ ಖಚಿತವಾದದ್ದು ಏನೆಂದರೆ, ಕಬ್ಬಿಣ ಕಂಡು ಹೆದರುವವರು ಬಹಳ ಕಡಿಮೆ. ನಾಲ್ಕು ಜನರ ಎದುರು ಏನು ಮಾಡಬೇಕು ಅಂತ ಗೊತ್ತಾಗದೆ ನಿಂತುಬಿಟ್ಟರೆ ಅನ್ನುವ ಭಯವೇ ಜಾಸ್ತಿ. ಅದಕ್ಕೆ ಬರೀ ಧೈರ್ಯ ಹೇಳಿದರೆ ಏನೂ ಆಗುವುದಿಲ್ಲ. ಗೊತ್ತಿಲ್ಲದ್ದನ್ನು ಒಂದೊಂದಾಗಿ ಗೊತ್ತು ಮಾಡಿಸಬೇಕು.

1. ಮೊದಲು ಅವಳ ಮಾತು ಕೇಳಿ

ಜಿಮ್ ಒಳಗೆ ನಿಂತು ಕೇಳಬೇಡಿ. ಎಲ್ಲಾದರೂ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಕೇಳಿ. "ಯಾಕೆ ಬೇಡ ಅನ್ಸತ್ತೆ?" ಅಂತ ಕೇಳಿ ಸುಮ್ನಿರಿ. ಮೊದಲು ಬರುವ ಉತ್ತರ ಸಾಮಾನ್ಯವಾಗಿ "ಟೈಮ್ ಇಲ್ಲ". ನಿಜವಾದದ್ದು ಎರಡನೆಯದೋ ಮೂರನೆಯದೋ ಆಗಿ ಬರುತ್ತದೆ.

"ಗಂಡಸರ ಥರ ದಪ್ಪ ಆಗಿಬಿಟ್ರೆ?" ಅಂದರೆ ನಗಬೇಡಿ, ಕಾರಣ ಹೇಳಿ. ಮಾಂಸಖಂಡ ದೊಡ್ಡದಾಗಲು ನೆರವಾಗುವ ಟೆಸ್ಟೋಸ್ಟೆರಾನ್ ಹಾರ್ಮೋನು ಗಂಡಸರ ದೇಹದಲ್ಲಿ ಹೆಂಗಸರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಇರುತ್ತದೆ. ಫೋಟೋಗಳಲ್ಲಿ ನೋಡುವ ಬಾಡಿಬಿಲ್ಡರ್ ಹೆಂಗಸರು ಅದಕ್ಕಾಗಿಯೇ ವರ್ಷಗಟ್ಟಲೆ ತಿಂದು, ಎತ್ತಿ ದುಡಿದಿರುತ್ತಾರೆ. ವಾರಕ್ಕೆ ಎರಡು ದಿನ ಡಂಬೆಲ್ ಹಿಡಿದರೆ ಅಷ್ಟು ಸುಲಭವಾಗಿ ಹಾಗಾಗುವುದಿಲ್ಲ. ಮೀರಾಬಾಯಿ ಚಾನು ಹೆಸರು ಹೇಳಿ. ಐದು ಅಡಿಗೂ ಕಡಿಮೆ ಎತ್ತರ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದರು, ಬಾರ್ ಅನ್ನು ಮೊದಲು ಭುಜಕ್ಕೆ, ಅಲ್ಲಿಂದ ತಲೆ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 115 ಕೆಜಿ ಎತ್ತಿದರು. ಅಂದರೆ ತಮ್ಮ ತೂಕದ ಎರಡು ಪಟ್ಟಿಗೂ ಜಾಸ್ತಿ. ಅದಕ್ಕೂ ಮುಂಚೆ, 2000ದ ಸಿಡ್ನಿಯಲ್ಲಿ, ಪಕ್ಕದ ಆಂಧ್ರದ ಕರ್ಣಂ ಮಲ್ಲೇಶ್ವರಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 240 ಕೆಜಿ ಎತ್ತಿ ಕಂಚು ತಂದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ, ಗೆದ್ದದ್ದು ವೇಟ್ ಎತ್ತಿಯೇ. ಇದನ್ನು ಹೇಳಿದಾಗ ಎಷ್ಟೋ ಜನ "ಹೌದಾ?" ಅಂತ ಕಣ್ಣರಳಿಸಿದ್ದನ್ನು ನಾನು ನೋಡಿದ್ದೇನೆ.

"ಗರ್ಭಕೋಶ ಜಾರುತ್ತೆ ಅಂತಾರಲ್ಲ" ಅಂತ ಕೆಲವರು ದನಿ ತಗ್ಗಿಸಿ ಹೇಳುತ್ತಾರೆ. ಇದನ್ನು ತಳ್ಳಿಹಾಕಬೇಡಿ. ಆರೋಗ್ಯವಾಗಿರುವ ಹೆಂಗಸು ಹಗುರದಿಂದ ಶುರು ಮಾಡಿ, ಉಸಿರು ಬಿಡುತ್ತಾ ಎತ್ತಿದರೆ ಹೆದರಬೇಕಾಗಿಲ್ಲ. ಆದರೆ ಇತ್ತೀಚೆಗೆ ಹೆರಿಗೆ ಅಥವಾ ಸಿಸೇರಿಯನ್ ಆಗಿದ್ದರೆ, ಕೆಮ್ಮಿದಾಗ ಸೀನಿದಾಗ ಮೂತ್ರ ಸೋರುತ್ತಿದ್ದರೆ, ಕೆಳಗೆ ಏನೋ ಜಗ್ಗಿದ ಹಾಗೆ ಅನ್ನಿಸುತ್ತಿದ್ದರೆ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಬಿಪಿ, ಹೃದಯದ ತೊಂದರೆ, ಡಿಸ್ಕ್ ತೊಂದರೆ ಇದ್ದವರೂ ಅಷ್ಟೇ, ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ನೀವೇ ಜೊತೆಗೆ ಹೋಗಿ ಬನ್ನಿ. ಒಬ್ಬಳೇ ಹೋಗು ಅಂದರೆ ಮುಂದಿನ ತಿಂಗಳಿಗೆ ಹೋಗುತ್ತದೆ.

2. ಮನೆಯಲ್ಲಿ ಈಗಾಗಲೇ ಎತ್ತುತ್ತಿರುವುದರ ಲೆಕ್ಕ ಹಾಕಿಸಿ

ನೀರಿನ ಕ್ಯಾನ್ 20 ಲೀಟರ್. ಅಂದರೆ 20 ಕೆಜಿ. ಜಿಮ್‌ನಲ್ಲಿ ಅವಳು ದೂರದಿಂದ ನೋಡಿ ಹೆದರುವ ಉದ್ದನೆಯ ಬಾರ್ ಕೂಡ, ಪ್ಲೇಟ್ ಹಾಕದೆ, ಸಾಮಾನ್ಯವಾಗಿ 20 ಕೆಜಿಯೇ. ಗ್ಯಾಸ್ ಸಿಲಿಂಡರ್‌ನಲ್ಲಿ ಗ್ಯಾಸ್ ಮಾತ್ರ 14.2 ಕೆಜಿ, ಸಿಲಿಂಡರಿನ ತೂಕವೂ ಸೇರಿದರೆ 30 ಕೆಜಿ ಹತ್ತಿರ. ಲಿಫ್ಟ್ ಕೆಟ್ಟ ದಿನ ಮಗುವನ್ನು ಸೊಂಟದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಮೂರು ಮಹಡಿ ಹತ್ತಿದ್ದು ಬೇರೆ.

ಅವಳು ಕ್ಯಾನ್ ಎತ್ತುವುದನ್ನು ಒಮ್ಮೆ ನೋಡಿ. ಕಾಲು ನೆಟ್ಟಗೆ ನಿಲ್ಲಿಸಿ ಬೆನ್ನು ಬಗ್ಗಿಸುತ್ತಾಳೆ, ಉಸಿರು ಕಟ್ಟುತ್ತಾಳೆ, ಎತ್ತಿದ ಮೇಲೆ ಸೊಂಟ ತಿರುಚಿ ಡಿಸ್ಪೆನ್ಸರ್ ಮೇಲೆ ಕವುಚುತ್ತಾಳೆ, ಒಳಗೆ ನೀರು ಬೇರೆ ಅಲುಗಾಡುತ್ತಿರುತ್ತದೆ. ಜಿಮ್‌ನಲ್ಲಿ ಐದು ಕೆಜಿ ಡಂಬೆಲ್ ಹಿಡಿದು ಕೂತು ಏಳುವುದಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ. ಇದನ್ನು ಅವಳಿಗೆ ತೋರಿಸಿ ಹೇಳಿ. "ನೀನು ಎತ್ತೋಳೇ ಕಣೇ, ಸರಿಯಾಗಿ ಎತ್ತೋದು ಕಲಿಯೋಣ ಅಷ್ಟೇ."

ಜಿಮ್‌ಗೆ ಹೋಗುವ ಮುಂಚೆ ಒಂದು ವಾರ ಮನೆಯಲ್ಲೇ ಎರಡು ಚಲನೆ ಕಲಿಸಿ. ಒಂದು, ಕುರ್ಚಿ ಮುಂದೆ ನಿಂತು, ಐದು ಕೆಜಿ ಹಿಟ್ಟಿನ ಪ್ಯಾಕೆಟ್ ಎದೆಗೆ ಒತ್ತಿಕೊಂಡು, ನಿಧಾನಕ್ಕೆ ಕೂತು ಎದ್ದೇಳುವುದು. ಭಾರ ಅನಿಸಿದರೆ ಒಂದು ಕೆಜಿ ಬೇಳೆ ಪ್ಯಾಕೆಟ್ ಸಾಕು. ಎರಡನೆಯದು ಸೊಂಟದಿಂದ ಬಗ್ಗುವುದು. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ದೂರ ನಿಲ್ಲಿಸಿ, ಮಂಡಿ ಸ್ವಲ್ಪ ಮಾತ್ರ ಮಡಚಿ, ಹಿಂಭಾಗದಿಂದ ಗೋಡೆ ಮುಟ್ಟು ಅನ್ನಿ. ಮಾಪ್ ಕೋಲನ್ನು ಬೆನ್ನ ಮೇಲೆ ಉದ್ದಕ್ಕೆ ಹಿಡಿಸಿ. ಬಗ್ಗುವಾಗ ಅದು ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರಕ್ಕೂ ತಾಗಿಕೊಂಡೇ ಇರಬೇಕು. ಒಂದು ಕಡೆ ಬಿಟ್ಟುಕೊಂಡರೆ ಬೆನ್ನು ಬಗ್ಗಿತು ಅಂತ ಅವಳಿಗೇ ಗೊತ್ತಾಗುತ್ತದೆ. ಡೆಡ್‌ಲಿಫ್ಟ್ ಅಂದರೆ ಇದೇ. ಆ ಹೆಸರನ್ನು ಮಾತ್ರ ಆಮೇಲೆ ಹೇಳಿ.

3. ಜಿಮ್ ಆರಿಸುವಾಗ

ನಡೆದು ಹೋಗುವಷ್ಟು ಹತ್ತಿರ ಇರಲಿ. ನಮ್ಮ ಊರಿನಲ್ಲಿ ಇದೇ ಮುಖ್ಯ. ಎಷ್ಟೇ ಚೆನ್ನಾಗಿರುವ ಜಿಮ್ ಆದರೂ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಬೇಕು ಅಂದರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಏಳರಿಂದ ಒಂಬತ್ತು ತುಂಬಾ ರಶ್. ಹನ್ನೊಂದರಿಂದ ನಾಲ್ಕರವರೆಗೆ ಸಾಮಾನ್ಯವಾಗಿ ಖಾಲಿ. ಅವಳಿಗೆ ಆ ಹೊತ್ತು ಆಗದಿದ್ದರೆ ಮೊದಲ ಕೆಲವು ಸಲ ಶನಿವಾರ ಮಧ್ಯಾಹ್ನ ಹೋಗಿ.

ಮೊದಲ ಭೇಟಿಯಲ್ಲಿ ವ್ಯಾಯಾಮ ಮಾಡಿಸಲೇಬೇಡಿ. ಸುಮ್ನೆ ನೋಡಿಕೊಂಡು ಬನ್ನಿ. ಒಂದರಿಂದ ಐದು ಕೆಜಿಯ ಚಿಕ್ಕ ಡಂಬೆಲ್ ಇವೆಯಾ, ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಸರಿಯಿದೆಯಾ, ವೇಟ್ಸ್ ಕಡೆ ಬೇರೆ ಹೆಂಗಸರು ಇದ್ದಾರಾ, ಲೇಡಿ ಟ್ರೇನರ್ ಯಾವ ಹೊತ್ತಿಗೆ ಬರುತ್ತಾರೆ. ಮೆಷಿನ್‌ನ ಪಿನ್ ಎಲ್ಲಿ ಹಾಕಿದರೆ ಎಷ್ಟು ತೂಕ ಬರುತ್ತದೆ, ಸೀಟ್ ಮೇಲೆ ಕೆಳಗೆ ಮಾಡುವುದು ಹೇಗೆ ಅಂತ ಅವಳ ಕೈಯಲ್ಲೇ ಮಾಡಿಸಿ. ಇಷ್ಟು ಗೊತ್ತಿದ್ದರೆ ಮುಂದಿನ ಸಲ ಒಳಗೆ ಕಾಲಿಡುವಾಗ ಅವಳು ಹೊಸಬಳಲ್ಲ. ವರ್ಷದ ಆಫರ್ ಅಂತ ಕೌಂಟರ್‌ನಲ್ಲಿ ಎಷ್ಟೇ ಹೇಳಿದರೂ ಒಂದು ತಿಂಗಳಿಗೆ ಮಾತ್ರ ಕಟ್ಟಿಸಿ. "ದುಡ್ಡು ಕೊಟ್ಟಿದ್ದೀನಲ್ಲ" ಅನ್ನುವ ಒತ್ತಡ ಹೆದರಿದವರಿಗೆ ಒಳ್ಳೆಯದಲ್ಲ.

ಎರಡು ಮಾತು ಮೊದಲೇ ಬಾಯಿಗೆ ರೂಢಿ ಮಾಡಿಸಿ. ಟ್ರೇನರ್ ಕೈಹಿಡಿದು ತಿದ್ದಲು ಬಂದು, ಅದು ಅವಳಿಗೆ ಇಷ್ಟವಾಗದಿದ್ದರೆ: "ಮುಟ್ಟಬೇಡಿ ಸರ್, ಬಾಯಲ್ಲಿ ಹೇಳಿ ಸಾಕು." ಗುರುತಿಲ್ಲದವರು ಕೇಳದೇ ಸಲಹೆ ಕೊಡಲು ಬಂದರೆ: "ನಂಗೆ ಹೇಳಿಕೊಡೋರು ಇದ್ದಾರೆ, ಥ್ಯಾಂಕ್ಸ್." ಸಣ್ಣ ವಿಷಯ ಅನಿಸಬಹುದು, ಆದರೆ ಆ ಹೊತ್ತಿನಲ್ಲಿ ಮಾತು ಹೊರಡದೆ ಮನೆಗೆ ಬಂದು ಕೊರಗುವವರು ಬಹಳ. ಯಾರಾದರೂ ದಿಟ್ಟಿಸಿ ನೋಡುತ್ತಲೇ ಇದ್ದರೆ, ವಿಡಿಯೋ ಮಾಡಿದರೆ, ನೇರ ಮ್ಯಾನೇಜರ್‌ಗೆ ಹೇಳಿ. ಅವರು ಕ್ರಮ ತೆಗೆದುಕೊಳ್ಳದಿದ್ದರೆ ಜಿಮ್ ಬದಲಿಸಿ.

ಬಟ್ಟೆ ವಿಷಯಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳುವುದು ಬೇಡ. ಉದ್ದನೆಯ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಸಾಕು. ದುಪಟ್ಟಾ ಮಾತ್ರ ಬೇಡ, ಮೆಷಿನ್‌ಗೆ ಸಿಕ್ಕಿಕೊಳ್ಳುತ್ತದೆ. ಬಳೆ, ಉಂಗುರ ತೆಗೆದಿಡಲಿ, ಬಾರ್ ಹಿಡಿದಾಗ ಉಂಗುರ ಬೆರಳಿನ ಚರ್ಮಕ್ಕೆ ಒತ್ತಿ ಗಾಯ ಮಾಡುತ್ತದೆ. ತಾಳಿ ತೆಗೆಯುವುದಿಲ್ಲ ಅಂದರೆ ತೆಗೆಯುವುದು ಬೇಡ, ಸರವನ್ನು ಟೀ ಶರ್ಟ್ ಒಳಗೆ ಹಾಕಿಕೊಳ್ಳಲಿ. ಬೆಂಚ್ ಮೇಲೆ ಮಲಗಿದಾಗ ತಲೆ ಹಿಂದಿನ ಕ್ಲಿಪ್ ಚುಚ್ಚುತ್ತದೆ, ಹಾಗಾಗಿ ಜಡೆ ಹೆಣೆದು ರಬ್ಬರ್ ಬ್ಯಾಂಡ್ ಹಾಕಿದರೆ ಒಳ್ಳೆಯದು. ಶೂ ತಳ ಮೆತ್ತಗಿರುವ ರನ್ನಿಂಗ್ ಶೂಗಿಂತ ಚಪ್ಪಟೆ ತಳದ್ದು ವಾಸಿ.

4. ಮೊದಲ ದಿನ: ಮೂರೇ ವ್ಯಾಯಾಮ

ನಲವತ್ತು ನಿಮಿಷ ಮೀರಬಾರದು. ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡ ಮೇಲೆ ಗಾಬ್ಲೆಟ್ ಸ್ಕ್ವಾಟ್, ಕೂತು ಎಳೆಯುವ ರೋ ಮೆಷಿನ್, ಆಮೇಲೆ ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ನೆಟ್ಟಗೆ ನಡೆಯುವುದು. ಇಷ್ಟೇ.

ಗಾಬ್ಲೆಟ್ ಸ್ಕ್ವಾಟ್ ಅಂದರೆ ಮನೆಯಲ್ಲಿ ಹಿಟ್ಟಿನ ಪ್ಯಾಕೆಟ್ ಹಿಡಿದು ಮಾಡಿದ್ದೇ. ಡಂಬೆಲ್ ಅನ್ನು ಉದ್ದಕ್ಕೆ ನಿಲ್ಲಿಸಿ, ಮೇಲಿನ ಗುಂಡನ್ನು ಎರಡೂ ಅಂಗೈಯಲ್ಲಿ ಹಿಡಿದು ಎದೆಗೆ ತಾಗಿಸಿಕೊಳ್ಳಬೇಕು. ಹಿಂದೆ ಬೆಂಚ್ ಇರಲಿ. ಉಸಿರು ಎಳೆದುಕೊಳ್ಳುತ್ತಾ ಬೆಂಚ್ ತಾಗುವವರೆಗೆ ಇಳಿ, ಬಿಡುತ್ತಾ ಏಳು. ಮಂಡಿ ಒಳಗೆ ಬಾಗದೆ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು, ಹಿಮ್ಮಡಿ ಏಳಬಾರದು. ಆದರೆ ಇದೆಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಹಿಮ್ಮಡಿ ಸರಿಹೋದ ಮೇಲೆ ಮಂಡಿಯ ಮಾತು.

ಡಂಬೆಲ್ ಅವಳೇ ಆರಿಸಲಿ. ಎರಡೂವರೆ ಕೆಜಿ ತೆಗೆದುಕೊಂಡರೆ ಎರಡೂವರೆ. ಹತ್ತು ಸಲ ಮಾಡಿ, "ಇದು ಏನೂ ಇಲ್ವಲ್ಲ" ಅಂತ ಅವಳೇ ಹೇಳಿದಾಗ ಐದರ ಕಡೆ ಕೈ ತೋರಿಸಿ. ಇನ್ನೂ ಮೂರು ಸಲ ಆಗುತ್ತದೆ ಅನ್ನುವಾಗಲೇ ನಿಲ್ಲಿಸುವುದು ಮೊದಲ ತಿಂಗಳ ನಿಯಮ. ಪಕ್ಕದಲ್ಲಿ ನಿಂತು "ಇನ್ನೊಂದು, ಇನ್ನೊಂದು" ಅಂತ ಕೂಗಬೇಡಿ. ನೀವೂ ಅವತ್ತು ಅವಳಷ್ಟೇ ಹಗುರದ್ದು ಎತ್ತಿ. ಅವಳು ಐದು ಕೆಜಿ ಹಿಡಿದು ನಿಂತಿರುವಾಗ ನೀವು ಪಕ್ಕದಲ್ಲಿ ಅರವತ್ತು ಕೆಜಿ ಬಾರ್ ಎತ್ತಿದರೆ ಅವಳಿಗೆ ಸ್ಫೂರ್ತಿ ಬರುವುದಿಲ್ಲ, ಮೈ ಕುಗ್ಗುತ್ತದೆ. ನಿಮ್ಮ ವ್ಯಾಯಾಮಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಈಗ ಹೇಳುವುದನ್ನು ಬಿಡಲೇಬೇಡಿ: ಭಾರ ಕೆಳಗಿಡುವುದನ್ನು ಕಲಿಸಿ. ಎತ್ತುವುದನ್ನು ಎಲ್ಲರೂ ಹೇಳಿಕೊಡುತ್ತಾರೆ, ಅರ್ಧದಲ್ಲಿ ಆಗದಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಹೆದರಿದವರ ತಲೆಯಲ್ಲಿ ಓಡುತ್ತಿರುವುದು ಅದೊಂದೇ ಪ್ರಶ್ನೆ. ಸ್ಕ್ವಾಟ್ ಮಧ್ಯದಲ್ಲಿ ಬೇಕಂತಲೇ ನಿಲ್ಲಿಸಿ, ಬೆಂಚ್ ಮೇಲೆ ಕೂತುಬಿಡು ಅನ್ನಿ. ಇನ್ನೊಮ್ಮೆ, ಡಂಬೆಲ್ ಅನ್ನು ಕಾಲುಗಳ ನಡುವೆ ಮುಂದಕ್ಕೆ ಇಳಿಸಿ ರಬ್ಬರ್ ಮ್ಯಾಟ್ ಮೇಲೆ ಇಡು ಅನ್ನಿ. ಮೂರು ನಾಲ್ಕು ಸಲ ಮಾಡಿಸಿ. ಮುಂದೆ ಬಾರ್‌ಬೆಲ್ ಸ್ಕ್ವಾಟ್‌ಗೆ ಬಂದಾಗಲೂ ಬಾರ್ ಇಡುವ ಸ್ಟ್ಯಾಂಡ್, ಅಂದರೆ ರ‍್ಯಾಕ್‌ನ ಎರಡು ಕಡೆಯ ಸೇಫ್ಟಿ ಬಾರ್‌ಗಳನ್ನು ಅವಳು ಕೂರುವ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಹಾಕಿ, ಖಾಲಿ ಬಾರ್ ಅನ್ನು ಅವುಗಳ ಮೇಲೆ ಇಳಿಸಿ ಹೊರಗೆ ಬರುವುದನ್ನೇ ಮೊದಲು ಅಭ್ಯಾಸ ಮಾಡಿಸಿ. ನನ್ನ ಒಬ್ಬ ಗೆಳತಿ ಹೀಗೆ ಅಭ್ಯಾಸ ಮಾಡುವಾಗ ಡಂಬೆಲ್ ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು, ಧಡ್ ಅಂತ ಸದ್ದಾಯಿತು. ಕಣ್ಣು ಮುಚ್ಚಿಕೊಂಡಳು. ಆಮೇಲೆ ತೆರೆದು ನೋಡಿದರೆ ಪಕ್ಕದವರು ಫೋನ್ ನೋಡುತ್ತಿದ್ದರು, ಇನ್ನೊಬ್ಬರು ನೀರು ಕುಡಿಯುತ್ತಿದ್ದರು, ಯಾರೂ ತಿರುಗಿರಲಿಲ್ಲ. "ಯಾರೂ ನೋಡ್ಲೇ ಇಲ್ವಲ್ಲೇ" ಅಂದಳು. ಅವಳ ಭುಜ ಕೆಳಗಿಳಿದದ್ದು ಆಗಲೇ.

5. ಮರುದಿನದ ನೋವಿನ ಬಗ್ಗೆ ಮೊದಲೇ ಹೇಳಿ

ಹೇಳದೇ ಇದ್ದರೆ ಬೆಳಿಗ್ಗೆ ಎದ್ದು "ಏನೋ ಆಗಿಹೋಯ್ತು" ಅಂತ ಗಾಬರಿ ಬೀಳುತ್ತಾಳೆ. ತೊಡೆ, ಬೆನ್ನು ಹಿಡಿದುಕೊಂಡ ಹಾಗಿರುತ್ತದೆ, ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಇದು ಒಂದೆರಡು ದಿನಕ್ಕೆ ಜಾಸ್ತಿಯಾಗಿ ಆಮೇಲೆ ತಾನಾಗಿ ಇಳಿಯುತ್ತದೆ. ಮಲಗಿಬಿಡುವುದಕ್ಕಿಂತ ಓಡಾಡಿಕೊಂಡಿದ್ದರೆ ಬೇಗ ಹಗುರಾಗುತ್ತದೆ.

ಕೀಲಿನಲ್ಲಿ ಚುಚ್ಚಿದಂಥ ನೋವು, ಕಾಲಿಗೆ ಹರಿಯುವ ಜೋಮು, ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ವಿಪರೀತ ನೋವು, ಊತದ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಮೊದಲ ದಿನವೇ ಅತಿಯಾಗಿ ಮಾಡಿಸಿದಾಗ ಹೀಗಾಗುವುದುಂಟು. ಮೂರೇ ವ್ಯಾಯಾಮ ಅಂತ ಹೇಳಿದ್ದು ಅದಕ್ಕೇ. ಮರುದಿನ ಒಂದು ಮೆಸೇಜ್ ಹಾಕಿ, ಹೇಗಿದ್ದೀಯ ಅಂತ.

6. ಮುಂದಿನ ಎಂಟು ವಾರ

ವಾರಕ್ಕೆ ಎರಡು ದಿನ ಸಾಕು, ನಡುವೆ ಎರಡು ದಿನ ಬಿಡುವು ಇರಲಿ. ಸೋಮವಾರ, ಗುರುವಾರ ಅಂತ ಇಟ್ಟುಕೊಳ್ಳಬಹುದು. ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಂದು ದಿನ ಗಾಬ್ಲೆಟ್ ಸ್ಕ್ವಾಟ್, ಬೆಂಚ್ ಮೇಲೆ ಮಲಗಿ ಡಂಬೆಲ್ ಮೇಲಕ್ಕೆ ತಳ್ಳುವ ಡಂಬೆಲ್ ಪ್ರೆಸ್, ರೋ. ಇನ್ನೊಂದು ದಿನ ಡಂಬೆಲ್ ಹಿಡಿದು ಸೊಂಟದಿಂದ ಬಗ್ಗುವ ರೊಮೇನಿಯನ್ ಡೆಡ್‌ಲಿಫ್ಟ್, ಕೂತು ತಲೆ ಮೇಲೆ ಎತ್ತುವ ಶೋಲ್ಡರ್ ಪ್ರೆಸ್, ಮೇಲಿರುವ ಹಿಡಿಯನ್ನು ಎದೆಯ ಕಡೆ ಎಳೆಯುವ ಲ್ಯಾಟ್ ಪುಲ್‌ಡೌನ್ ಮೆಷಿನ್. ಎರಡೂ ದಿನ ಕೊನೆಗೆ ಡಂಬೆಲ್ ಹಿಡಿದು ನಡಿಗೆ. ಒಂದೊಂದೂ ಎರಡು ಸೆಟ್, ಒಂದು ಸೆಟ್ ಅಂದರೆ ನಿಲ್ಲಿಸದೆ ಎಂಟರಿಂದ ಹನ್ನೆರಡು ಸಲ. ಮೂರನೇ ವಾರದಿಂದ ಮೂರು ಸೆಟ್. ಸೆಟ್ ನಡುವೆ ಒಂದೂವರೆ ಎರಡು ನಿಮಿಷ ಕೂತು ಮಾತಾಡಿ, ಅವಸರ ಬೇಡ.

ಒಂದು ಚಿಕ್ಕ ನೋಟ್‌ಬುಕ್ ಕೊಡಿಸಿ. ದಿನಾಂಕ, ವ್ಯಾಯಾಮ, ತೂಕ, ಎಷ್ಟು ಸಲ. ಎಲ್ಲ ಸೆಟ್‌ನಲ್ಲೂ ಹನ್ನೆರಡು ಆರಾಮಾಗಿ ಬಂದಮೇಲೆ ಮುಂದಿನ ಡಂಬೆಲ್ ಹಿಡಿದು ಮತ್ತೆ ಎಂಟರಿಂದ ಶುರು. ಡಂಬೆಲ್ ಐದರಿಂದ ಏಳೂವರೆಗೆ ಹೋದರೆ ತೂಕ ಒಂದೂವರೆ ಪಟ್ಟು ಆಯಿತು, ಅದು ಸಣ್ಣ ಜಿಗಿತ ಅಲ್ಲ. ಹಾಗಾಗಿ ಭುಜದ ವ್ಯಾಯಾಮದಲ್ಲಿ ಎಷ್ಟೋ ವಾರ ಒಂದೇ ತೂಕದಲ್ಲಿ ನಿಂತರೂ ಪರವಾಗಿಲ್ಲ, ಎಂಟು ಇದ್ದದ್ದು ಒಂಬತ್ತು ಆದರೂ ಮುಂದೆ ಹೋದ ಹಾಗೆಯೇ. ಕಾಲಿನ ವ್ಯಾಯಾಮದಲ್ಲಿ ಬೇಗ ಏರುತ್ತಾಳೆ, ನೋಡುತ್ತಿರಿ.

ಆರೇಳು ವಾರಕ್ಕೆ ಬಾರ್ ಮುಟ್ಟಿಸಬಹುದು. ಬಹಳ ಜಿಮ್‌ಗಳಲ್ಲಿ 10 ಕೆಜಿಯ ಚಿಕ್ಕ ಬಾರ್‌ಬೆಲ್ ಇರುತ್ತದೆ, ಅಲ್ಲಿಂದ ಶುರು ಮಾಡಿ. ಒಲಿಂಪಿಕ್ಸ್‌ನಂಥ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಹೆಂಗಸರ ಬಾರ್ 15 ಕೆಜಿ, ಗಂಡಸರದ್ದು 20. ಡೆಡ್‌ಲಿಫ್ಟ್‌ನಲ್ಲಿ ಒಂದು ವಿಷಯ ಗಮನಿಸಿ. ದೊಡ್ಡ ಪ್ಲೇಟ್ ಹಾಕಿದಾಗ ಬಾರ್ ಕಣಕಾಲಿನ ಮಧ್ಯಕ್ಕೆ ಬರುತ್ತದೆ. ಚಿಕ್ಕ ಪ್ಲೇಟ್ ಹಾಕಿದರೆ ನೆಲಕ್ಕೆ ಹತ್ತಿರ ಇರುತ್ತದೆ, ಅದನ್ನು ಎತ್ತಲು ಹೊಸಬರು ಬೆನ್ನು ಬಗ್ಗಿಸಿಬಿಡುತ್ತಾರೆ. ಎರಡು ಕಡೆ ಏರೋಬಿಕ್ಸ್ ಸ್ಟೆಪ್ಪರ್ (ಹತ್ತಿ ಇಳಿಯುವ ಗಿಡ್ಡ ಮಣೆ) ಇಟ್ಟು ಅದರ ಮೇಲೆ ಬಾರ್ ಇಡಿ. ತೂಕ ಕಡಿಮೆ, ಎತ್ತರ ಸರಿ.

ಮುಟ್ಟಿನ ದಿನ ಎತ್ತಬೇಕೋ ಬೇಡವೋ ಅವಳಿಗೆ ಬಿಟ್ಟದ್ದು. ಆಗುತ್ತದೆ ಅಂದರೆ ಎತ್ತಬಹುದು, ಹೊಟ್ಟೆ ನೋವಿದ್ದರೆ ಹಗುರ ಮಾಡಲಿ ಅಥವಾ ಮನೆಯಲ್ಲಿರಲಿ.

ಊಟ. ವೇಟ್ ಶುರು ಮಾಡಿದ ವಾರವೇ ಡಯೆಟ್ ಅಂತ ಅನ್ನ ಬಿಟ್ಟು ಕೂರಲು ಬಿಡಬೇಡಿ. ತಿನ್ನುವುದನ್ನು ಕಮ್ಮಿ ಮಾಡುವ ಬದಲು ತಟ್ಟೆಗೆ ಪ್ರೋಟೀನ್ ಸೇರಿಸಿ. ನಮ್ಮ ಅನ್ನ ಸಾರಿನ ಊಟದಲ್ಲಿ ಕಮ್ಮಿ ಬೀಳುವುದು ಅದೇ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ ದೇಹದ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ, ಅಂದರೆ 55 ಕೆಜಿ ಇರುವವರಿಗೆ ಸುಮಾರು 46 ಗ್ರಾಂ. ವೇಟ್ ಎತ್ತುವವರಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮೊಟ್ಟೆ ತಿನ್ನದವರು ಹೆಸರುಕಾಳಿನ ಉಸಲಿ, ಕಡಲೆಕಾಳು, ಪನೀರ್, ಸೋಯಾ, ಗಟ್ಟಿ ಮೊಸರು ಸೇರಿಸಿಕೊಳ್ಳಲಿ. ಸಾರಿನ ತಿಳಿ ಬಿಟ್ಟು ಗಟ್ಟಿ ಬೇಳೆ ಹಾಕಿಕೊಳ್ಳಲಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಏನೂ ಬದಲಿಸುವುದು ಬೇಡ.

ತೂಕದ ಮೆಷಿನ್ ಹತ್ತಿಸಬೇಡಿ. ಅವಳ ನೋಟ್‌ಬುಕ್ ತೋರಿಸಿ. ಮನೆಯಲ್ಲಿ ಅತ್ತೆ, ಅಮ್ಮ "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂದರೆ ವಾದಕ್ಕೆ ಇಳಿಯುವುದಕ್ಕಿಂತ ಮೂಳೆಯ ವಿಷಯ ಹೇಳಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಭಾರ ಎತ್ತುವ ವ್ಯಾಯಾಮ ಅದನ್ನು ತಡೆಯಲು ನೆರವಾಗುತ್ತದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಎಲ್ಲರ ನೆಂಟರಲ್ಲೂ ಒಬ್ಬರು ಇರುತ್ತಾರೆ, ಅಲ್ವಾ? ನಮ್ಮ ಚಿಕ್ಕಮ್ಮ ಜಿಮ್‌ಗೆ ಬರಲು ಒಪ್ಪಿದ್ದು ಈ ಮಾತಿಗೇ.

7. ನೀವು ಪಕ್ಕದಿಂದ ಸರಿಯುವುದು

ಕೊನೆಯವರೆಗೂ ನೀವೇ ಡಂಬೆಲ್ ತಂದುಕೊಡುತ್ತಿದ್ದರೆ ಅವಳು ನಿಮ್ಮನ್ನು ನಂಬುತ್ತಾಳೆ, ತನ್ನನ್ನಲ್ಲ. ಮೂರನೇ ವಾರದಿಂದ ಡಂಬೆಲ್ ತರುವುದು, ಪಿನ್ ಹಾಕುವುದು, "ಈ ಬೆಂಚ್ ಖಾಲಿನಾ?" ಅಂತ ಕೇಳುವುದು ಎಲ್ಲ ಅವಳೇ ಮಾಡಲಿ. ಐದನೇ ವಾರ ನೀವು ಹದಿನೈದು ನಿಮಿಷ ತಡವಾಗಿ ಬರುತ್ತೀರಿ ಅಂತ ಮೊದಲೇ ಹೇಳಿ, ಹಾಗೇ ತಡವಾಗಿ ಹೋಗಿ. ಹೇಳದೆ ಕೈಕೊಡಬೇಡಿ, ಅಷ್ಟು ದಿನ ಕಟ್ಟಿದ ನಂಬಿಕೆ ಒಂದೇ ಸಲಕ್ಕೆ ಹೋಗುತ್ತದೆ. ಅದಾದ ಮೇಲೆ ವಾರದ ಎರಡು ದಿನದಲ್ಲಿ ಒಂದು ದಿನ ಅವಳೊಬ್ಬಳೇ ಹೋಗಲಿ, ಫೋನ್ ಹತ್ತಿರ ಇಟ್ಟುಕೊಂಡಿರಿ.

ಹಬ್ಬ, ಮಗುವಿನ ಪರೀಕ್ಷೆ, ಆಫೀಸ್ ಕೆಲಸ ಅಂತ ಎರಡು ಮೂರು ವಾರ ತಪ್ಪಿದರೆ ಯಾಕೆ ಬರಲಿಲ್ಲ ಅಂತ ವಿಚಾರಣೆ ಮಾಡಬೇಡಿ. "ಗುರುವಾರ ನಾಲ್ಕಕ್ಕೆ ಹೋಗೋಣ್ವಾ?" ಅಂತ ಒಂದು ಮೆಸೇಜ್ ಸಾಕು. ನೋಟ್‌ಬುಕ್‌ನಲ್ಲಿ ಕೊನೆಗೆ ಬರೆದ ತೂಕಕ್ಕಿಂತ ಒಂದು ಡಂಬೆಲ್ ಕೆಳಗಿನಿಂದ, ಎರಡೇ ಸೆಟ್‌ನಿಂದ ಮತ್ತೆ ಶುರು ಮಾಡಿಸಿ. ಎರಡು ವಾರದಲ್ಲಿ ಹಳೆಯ ತೂಕಕ್ಕೆ ಬರುತ್ತಾಳೆ.